ಹಗೇವಿನೊಳಗೆ ಆರದ ದೀಪ

ನಾನು ಚಿಕ್ಕವನಿದ್ದಾಗ ನಮ್ಮೂರು ಮಾದನಹಿಪ್ಪರಗಾದಲ್ಲಿ ಜೋಳ ನೆಲದ ಮೇಲೆ ಬೆಳೆದು ನೆಲದ ಕೆಳಗೆ ಮಲಗುತ್ತಿತ್ತು. ಊರಂಚಿನ ಗಟ್ಟಿ ಗರಸು ಭೂಮಿಯಲ್ಲಿ ಎರಡಾಳು ಆಳದ ಗುಂಡಿ ತೋಡಿ, ಸುತ್ತ ಒಣ ದಂಟು ಹಾಸಿ, ರಾಶಿಯ ಜೋಳವನ್ನೆಲ್ಲ ಅದರಲ್ಲಿ ಸುರಿಯುತ್ತಿದ್ದರು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಅದಕ್ಕೆ ಹಗೇವು ಎನ್ನುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಮಾತ್ರ ದೊಡ್ಡದು. ಇಲಿ ಹೋಗುತ್ತಿರಲಿಲ್ಲ, ನುಸಿ ಹಿಡಿಯುತ್ತಿರಲಿಲ್ಲ.

ಆದರೆ ಹಗೇವಿಗೆ ಒಂದು ಕೆಟ್ಟ ಗುಣವಿತ್ತು. ಮುಚ್ಚಿದ ಕತ್ತಲೆಯಲ್ಲಿ ಗಾಳಿ ಕೆಟ್ಟು ಕೂತಿರುತ್ತಿತ್ತು. ಬಾಯಿ ತೆರೆದ ಕೂಡಲೇ ಇಳಿದವರು ಮೇಲೆ ಬಂದದ್ದಿಲ್ಲ. ಅದಕ್ಕಾಗಿ ಹಿರಿಯರು ಒಂದು ಪದ್ಧತಿ ಮಾಡಿದ್ದರು. ಚಪ್ಪಡಿ ಸರಿಸಿ ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟು ನೋಡಬೇಕು. ದೀಪ ಉರಿದರೆ ಇಳಿಯಬೇಕು, ಆರಿದರೆ ಇಳಿಯಬಾರದು. ನಮ್ಮ ಅಪ್ಪ ಕೂಲಿಗೆ ಊರವರ ಹಗೇವು ಇಳಿಯುವವನು. ನಮಗೆ ಸ್ವಂತ ಹಗೇವು ಇರಲಿಲ್ಲ, ಇನ್ನೊಬ್ಬರ ಜೋಳ ಮೇಲೆ ತರುವುದೇ ಅವನ ಕೆಲಸ. ಆ ಕೆಲಸದಲ್ಲಿ ಅಪ್ಪನಷ್ಟು ಹುಷಾರಿ ಮನುಷ್ಯ ಇನ್ನೊಬ್ಬನಿಲ್ಲ ಎಂದು ಊರೇ ಹೇಳುತ್ತಿತ್ತು. ಅಂಥವನ ಜೀವಕ್ಕೆ ನಾನು ಒಂದು ದಿನ ಎರವಾಗುವವನಿದ್ದೆ, ಅದೂ ಕಡಲೆಯ ಗಾತ್ರದ ಒಂದು ಬಲ್ಬಿನಿಂದ.

ಆ ವರ್ಷ ನನಗೆ ಕರೆಂಟಿನ ಹುಚ್ಚು ಹಿಡಿದಿತ್ತು. ಊರಿಗೆ ಕರೆಂಟು ಬಂದಿತ್ತು, ನಮ್ಮ ಓಣಿಗೆ ಬಂದಿರಲಿಲ್ಲ. ಶಾಲೆಯಲ್ಲಿ ವಿಜ್ಞಾನದ ಮಾಸ್ತರರು ಒಂದು ಸೆಲ್ಲು, ಒಂದು ಬಲ್ಬು, ಎರಡು ತಂತಿ ಇಟ್ಟುಕೊಂಡು ಮೇಜಿನ ಮೇಲೆ ದೀಪ ಹೊತ್ತಿಸಿ ತೋರಿಸಿದರು. ಕರೆಂಟು ಸೆಲ್ಲಿನ ಒಂದು ತುದಿಯಿಂದ ಹೊರಟು, ಬಲ್ಬನ್ನು ಹಾದು, ಇನ್ನೊಂದು ತುದಿಗೆ ಮರಳಬೇಕು, ದಾರಿ ಎಲ್ಲಿ ಕಡಿದರೂ ಬೆಳಕಿಲ್ಲ ಎಂದರು. ಅಂದಿನಿಂದ ನಾನು ಕೋಳಿಯ ಹಾಗೆ ತಿಪ್ಪೆ ಕೆದರತೊಡಗಿದೆ. ಯಾರೋ ಎಸೆದ ಬ್ಯಾಟರಿ ಸೆಲ್ಲುಗಳನ್ನು ಆರಿಸಿ ತಂದು, ಬಿಸಿಲಿಗೆ ಕಾಯಿಸಿ, ಅವಕ್ಕೆ ಮತ್ತೆ ತುಸು ಜೀವ ತರಿಸಿದೆ. ಸುಟ್ಟುಹೋದ ನೀರಿನ ಮೋಟರಿನಿಂದ ತಾಮ್ರದ ತಂತಿ ಬಿಚ್ಚಿದೆ. ನನ್ನ ಕಾಟ ತಡೆಯಲಾರದೆ ಮಾಸ್ತರರು ಬಲ್ಬನ್ನು ಕೊಟ್ಟುಬಿಟ್ಟರು.

ಮೂರು ದಿನ ಹೆಣಗಿದರೂ ಅದು ಹೊತ್ತಲಿಲ್ಲ. ನಮ್ಮ ಅಕ್ಕ ರೊಟ್ಟಿ ಬಡಿಯುತ್ತಲೇ, ನಿನ್ನ ದೀಪಕ್ಕಿಂತ ನನ್ನ ಒಲೆಯೇ ವಾಸಿ ಎಂದು ಅಣಕಿಸುತ್ತಿದ್ದಳು. ಕೊನೆಗೆ ಮಾಸ್ತರರು ತಂತಿಯನ್ನು ಬೆಳಕಿಗೆ ಹಿಡಿದು ನಕ್ಕರು. ಮೋಟರಿನ ತಂತಿಗೆ ತೆಳ್ಳನೆಯ ವಾರ್ನಿಷ್ ಬಳಿದಿರುತ್ತಾರೆ, ಅದು ಕರೆಂಟನ್ನು ಬಿಡುವುದಿಲ್ಲ, ತುದಿ ಕೆರೆದು ನೋಡು ಎಂದರು. ಬ್ಲೇಡಿನಿಂದ ಕೆರೆದು ಮುಟ್ಟಿಸಿದೆ. ಹಳದಿ ಬೆಳಕು ಹೊತ್ತಿಕೊಂಡಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಚಿಮಣಿ ಆರಿಸುವ ಹಾಗೆ ಅದನ್ನು ಉಫ್ ಎಂದು ಊದಿದೆ, ಆರಲಿಲ್ಲ. ಬಲ್ಬಿನೊಳಗೆ ನಮ್ಮ ಗಾಳಿಯೇ ಇಲ್ಲ, ನೀನು ಊದಿದರೆ ಅದಕ್ಕೇನು ಎಂದರು ಮಾಸ್ತರರು. ಆ ಮಾತನ್ನು ನಾನು ಅರ್ಧ ಕಿವಿಯಲ್ಲಿ ಕೇಳಿದೆ.

ಮೂರು ಸೆಲ್ಲುಗಳನ್ನು ಬಿದಿರಿನ ನಳಿಗೆಯಲ್ಲಿ ಒಂದರ ಹಿಂದೆ ಒಂದು ಕೂರಿಸಿ, ತುದಿಗೆ ಬಲ್ಬು ಬಿಗಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡಹಗಲಲ್ಲೇ ದೀಪ ಹಿಡಿದು ಓಣಿ ಸುತ್ತಿದೆ.

ಅದೇ ವಾರ ಗೌಡರ ಹಗೇವು ತೆರೆಯುವ ಕೆಲಸ ಬಂತು. ಆಷಾಢ, ಗಾಳಿ ಮನುಷ್ಯರನ್ನೇ ತಳ್ಳುವಂತೆ ಬೀಸುತ್ತಿತ್ತು. ಬೆಳಿಗ್ಗೆ ಚಪ್ಪಡಿ ಸರಿಸಿದರು. ಪದ್ಧತಿಯಂತೆ ಮರುದಿನ ಇಳಿಯಬೇಕು. ಆದರೆ ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಕರೀ ಮೋಡ ಎದ್ದಿತು. ತೆರೆದ ಬಾಯಿಗೆ ಮಳೆ ಬಿದ್ದರೆ ಹಗೇವಿನ ಜೋಳವೆಲ್ಲ ಹಾಳು. ತಿರುಗಿ ಮುಚ್ಚೋಣವೆಂದರೆ ಗೌಡರ ಮನೆಯಲ್ಲಿ ಹಿಟ್ಟಿಗೆ ಜೋಳವಿಲ್ಲ. ಗೌಡರು ಆಕಾಶ ನೋಡುವುದು, ಅಪ್ಪನನ್ನು ನೋಡುವುದು. ಬುಟ್ಟಿ ಎಳೆಯಲು ಬಂದಿದ್ದ ನಾಲ್ಕು ಜನರೂ ಅಪ್ಪನನ್ನೇ ನೋಡುತ್ತಿದ್ದರು.

ಅಪ್ಪ ಕಂದೀಲು ಹೊತ್ತಿಸಿ ಕೆಳಗೆ ಬಿಟ್ಟ. ಆರಿತು. ಮತ್ತೆ ಹೊತ್ತಿಸಿದ. ಈ ಸಲ ಹಗೇವಿನ ಬಾಯಿಯಲ್ಲೇ ಗಾಳಿಯ ಹೊಡೆತಕ್ಕೆ ಆರಿತು. ಕಂದೀಲಿನ ಗಾಜೂ ಸೀಳಿತ್ತು. ಇದು ಒಳಗಿನ ಗಾಳಿಯಿಂದ ಆರುತ್ತಿದೆಯೋ ಹೊರಗಿನ ಗಾಳಿಯಿಂದಲೋ ಯಾರಿಗೂ ಹೇಳಲಾಗಲಿಲ್ಲ. ಆಗ ನಾನು ಮುಂದೆ ಬಂದೆ. ಯಾರೂ ಕರೆದಿರಲಿಲ್ಲ, ನಾನಾಗಿಯೇ ಬಂದೆ.

"ಯಪ್ಪಾ, ನನ್ನ ದೀಪ ಎಂಥಾ ಗಾಳಿಗೂ ಆರಲ್ಲ."

ಅಪ್ಪನ ಮುಖ ಅರಳಿತು. ನನ್ನ ಮಗ ಮಾಡಿದ್ದು ಎಂದು ನಳಿಗೆಯನ್ನು ಎಲ್ಲರಿಗೂ ಎತ್ತಿ ತೋರಿಸಿದ. ಅಪ್ಪ ನನ್ನನ್ನು ಅಷ್ಟು ಜನರ ಮುಂದೆ ಹೊಗಳಿದ್ದು ಅದೇ ಮೊದಲು, ನಾನು ಉಬ್ಬಿಹೋದೆ. ನಳಿಗೆಯನ್ನು ಹಗ್ಗಕ್ಕೆ ಕಟ್ಟಿ ಬಿಟ್ಟರು. ಅದು ತೂಗಾಡುತ್ತ ಇಳಿದು ಜೋಳದ ಮೇಲೆ ಕೂತಿತು. ಬಿಳಿ ಜೋಳ ಫಳಫಳ ಹೊಳೆಯಿತು. ಎಲ್ಲರೂ ಬಗ್ಗಿ ನೋಡಿದರು. ದೀಪ ಉರಿಯುತ್ತಲೇ ಇದೆ, ಇನ್ನೇನು ಭಯ ಎಂದರು. ಅಪ್ಪನಿಗೆ ಬುತ್ತಿ ತಂದಿದ್ದ ಅಕ್ಕ ಮಾತ್ರ ಹಟ ಹಿಡಿದು, ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳದೆ ಇಳಿಯಲು ಅಪ್ಪನನ್ನು ಬಿಡಲಿಲ್ಲ. ಅವನು ಗೊಣಗುತ್ತಲೇ ಕಟ್ಟಿಸಿಕೊಂಡ.

ಅಪ್ಪನ ತಲೆ ಬಾಯಿಯೊಳಗೆ ಮರೆಯಾಯಿತು. ನಾನು ಅಂಚಿನಲ್ಲಿ ಬೋರಲು ಮಲಗಿ ನೋಡುತ್ತಿದ್ದೆ. ಒಳಗಿನಿಂದ ಬೆಚ್ಚಗೆ, ಹುಳಿಹುಳಿಯಾದ ವಾಸನೆಯೊಂದು ಮೂಗಿಗೆ ಬಡಿಯಿತು. ಅಪ್ಪ ಜೋಳದ ಮೇಲೆ ಕಾಲಿಟ್ಟ. ಬುಟ್ಟಿ ಬಿಡಿ ಎಂದು ಕೂಗಿದ. ಆ ದನಿ ನಿದ್ದೆಗಣ್ಣಿನವರ ದನಿಯಂತೆ ತೊದಲಿತು. ಬಲ್ಬಿನೊಳಗೆ ಗಾಳಿಯೇ ಇಲ್ಲ ಎಂದಿದ್ದರಲ್ಲ ಮಾಸ್ತರರು? ಹಾಗಾದರೆ ಗಾಳಿ ಚೆನ್ನಾಗಿದ್ದರೂ ಅದು ಉರಿಯುತ್ತದೆ, ಕೆಟ್ಟರೂ ಉರಿಯುತ್ತದೆ. ಕಂದೀಲಿಗೆ ನಮ್ಮಂತೆ ಉಸಿರು ಬೇಕು, ಅದಕ್ಕೇ ಅದು ನಮ್ಮ ಪರವಾಗಿ ಮುಂಚೆ ಸಾಯುತ್ತದೆ. ನನ್ನ ದೀಪಕ್ಕೆ ಉಸಿರೇ ಬೇಡ.

"ಯಪ್ಪಾ, ಮ್ಯಾಲ ಬಾ," ಎಂದು ಚೀರಿದೆ. "ಅದು ಗಾಳಿ ಇಲ್ದಿದ್ರೂ ಉರೀತದ."

ಅಪ್ಪ ಮುಖ ಎತ್ತಿದ. ಏನೋ ಹೇಳಲು ಬಾಯಿ ತೆರೆದ. ಮೊಣಕಾಲು ಮಡಚಿ, ಜೋಳದ ಮೇಲೆ ಮೆಲ್ಲಗೆ ಒರಗಿದ, ದಣಿದವರು ಒಣ ದಂಟಿನ ಬಣವೆಗೆ ಒರಗುವ ಹಾಗೆ. ಅಕ್ಕ ಸೆರಗು ಬಿಗಿದು ಇಳಿಯಲು ಕಾಲು ಹಾಕಿಯೇಬಿಟ್ಟಳು. ನಾನು ಅವಳ ಎರಡೂ ಕಾಲು ತಬ್ಬಿ ಹಿಡಿದೆ. ಅವಳು ನನ್ನ ಬೆನ್ನಿಗೆ ದಬದಬ ಗುದ್ದಿದಳು.

"ಬಿಡಲೇ, ಅಪ್ಪ ಸಾಯಾಕತ್ತಾನ."

ನಾನು ಬಿಡಲಿಲ್ಲ. ಇಳಿದರೆ ಅವಳೂ ಮೇಲೆ ಬರುವುದಿಲ್ಲ ಎಂದು ನನಗೆ ಆಗ ಸ್ಪಷ್ಟವಾಗಿ ಗೊತ್ತಿತ್ತು. ಜೀವನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಇನ್ನೇನನ್ನೂ ಹಿಡಿದಿಲ್ಲ. ನಾಲ್ವರೂ ಸೇರಿ ಹಗ್ಗ ಎಳೆದರು. ಗೌಡರೂ ರುಮಾಲು ಬಿಸಾಡಿ ಕೈ ಹಾಕಿದರು. ಅಪ್ಪ ಮೇಲೆ ಬಂದ, ಆದರೆ ಸಣ್ಣ ಬಾಯಿಗೆ ಅವನ ಹೆಗಲು ಸಿಕ್ಕಿಕೊಂಡಿತು. ಎಳೆದರು, ಬರಲಿಲ್ಲ. ಅಕ್ಕ ಅಳು ನಿಲ್ಲಿಸಿ, ಬೋರಲು ಬಿದ್ದು, ಅಪ್ಪನ ತೋಳು ಹಿಡಿದು ಓರೆಯಾಗಿ ತಿರುಗಿಸಿದಳು. ಆಗ ಹೊರಬಂದ.

ಅಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಯಾರೋ ನೀರು ಚಿಮುಕಿಸಿದರು, ಯಾರೋ ಅಂಗಿ ಬಿಚ್ಚಿದರು. ಆಷಾಢದ ಆ ಹಾಳು ಗಾಳಿ, ಮಧ್ಯಾಹ್ನದಿಂದ ನಾವೆಲ್ಲ ಬೈದ ಗಾಳಿ, ಅಪ್ಪನ ಎದೆಯ ಮೇಲೆ ಬೀಸುತ್ತಿತ್ತು. ನಾನು ಅವನ ಮೂಗನ್ನೇ ನೋಡುತ್ತ ಕೂತೆ. ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ಅಪ್ಪ ಕೆಮ್ಮಿದ, ಮಗ್ಗುಲಾಗಿ ವಾಂತಿ ಮಾಡಿದ, ಅಕ್ಕನ ಹೆಸರು ಹಿಡಿದು ಕರೆದ. ನನಗೆ ಅಳು ಬಂದದ್ದು ಆಗ. ಹಗೇವಿನೊಳಗೆ ನನ್ನ ಬಲ್ಬು ಏನೂ ಆಗಿಲ್ಲವೆಂಬಂತೆ ಉರಿಯುತ್ತಲೇ ಇತ್ತು.

ಗೌಡರು ಹಗೇವು ಮುಚ್ಚಿಸಿ, ನೆರೆಮನೆಯಿಂದ ಜೋಳ ತರಿಸಿಕೊಂಡರು. ಆ ಕೆಲಸವನ್ನು ಮಧ್ಯಾಹ್ನವೇ ಮಾಡಬಹುದಿತ್ತು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಮರುದಿನ ನಾನು ಉಳಿದ ಸೆಲ್ಲು, ತಂತಿ ಎಲ್ಲವನ್ನೂ ತಿಪ್ಪೆಗೆ ಎಸೆಯಲು ಹೊರಟಿದ್ದೆ. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಅಪ್ಪ ಹತ್ತಿರ ಕರೆದ. ಎರಡು ಏಟು ಗ್ಯಾರಂಟಿ ಎಂದುಕೊಂಡು ಹೋದೆ.

"ನಿನ್ನ ದೀಪ ಸುಳ್ಳ ಹೇಳಿಲ್ಲಪ್ಪ," ಎಂದ. "ಒಳಗ ಜ್ವಾಳ ಅದ ಅಂತ ಖರೇನೇ ತೋರಿಸ್ತು. ಗಾಳಿ ಸುದ್ದಿ ಅದಕ್ಕ ಗೊತ್ತೇ ಇರಲಿಲ್ಲ. ಗೊತ್ತಿಲ್ದವರಿಗಿ ಕೇಳಿದ್ದು ನನ್ನ ತಪ್ಪು."

ಕಲಿಯುವುದನ್ನು ಬಿಡಬೇಡ, ಆದರೆ ಏನೇ ಮಾಡಿದರೂ ಅದಕ್ಕೆ ಏನು ಗೊತ್ತಿಲ್ಲ ಎಂಬುದನ್ನು ಮೊದಲು ತಿಳಿದುಕೋ ಎಂದ. ಅಕ್ಷರ ಬಾರದ ಅಪ್ಪ ಹೇಳಿದ ಆ ಪಾಠವನ್ನು ಆಮೇಲೆ ನಾನು ಓದಿದ ಯಾವ ಪುಸ್ತಕದಲ್ಲೂ ಅಷ್ಟು ನೇರವಾಗಿ ಕಾಣಲಿಲ್ಲ. ಮುಂದೆ ಆಳಂದದಲ್ಲಿ ರೇಡಿಯೊ, ಮೋಟರ್ ರಿಪೇರಿ ಮಾಡಿಕೊಂಡೇ ಬದುಕಿದೆ. ಹಗೇವುಗಳೆಲ್ಲ ಈಗ ಮುಚ್ಚಿಹೋಗಿವೆ.

ಮೊನ್ನೆ ನನ್ನ ಮೊಮ್ಮಗಳು ಪೆಟ್ಟಿಗೆಯೊಂದನ್ನು ಬಿಚ್ಚಿ ಪುಟ್ಟ ಗಾಡಿ ಜೋಡಿಸಿದಳು. ನಾನು ತಿಪ್ಪೆಯಲ್ಲಿ ಹುಡುಕಿದ್ದೆಲ್ಲ ಅವಳಿಗೆ ಬಣ್ಣಬಣ್ಣದ ತಂತಿಗಳ ಸಮೇತ ಒಂದೇ ಕಡೆ ಸಿಕ್ಕಿದೆ. ಗಾಳಿ ಕೆಟ್ಟರೆ ಕೂಗಿಕೊಳ್ಳುವ ಸಾಧನವೂ ಈಗ ಬೆರಳುದ್ದದಲ್ಲಿ ಬರುತ್ತದಂತೆ. ಅವಳ ಗಾಡಿ ತಾನಾಗಿಯೇ ಓಡುತ್ತದೆ, ಎದುರಿಗೆ ಗೋಡೆ ಬಂದರೆ ನಿಲ್ಲುತ್ತದೆ. ನಾನು ಮೆಚ್ಚಿ ಬೆನ್ನು ತಟ್ಟಿ, ಇದಕ್ಕೆ ಏನು ಗೊತ್ತಿಲ್ಲ ಹೇಳು ನೋಡೋಣ ಎಂದೆ. ಅವಳಿಗೆ ಸಿಟ್ಟು ಬಂತು, ಎಲ್ಲಾ ಗೊತ್ತದ ಎಂದು ಮುಖ ಊದಿಸಿಕೊಂಡಳು. ಆಮೇಲೆ ಗಾಡಿಯ ಮುಂದೆ ಅಂಗಾತ ಮಲಗಿ ನೋಡಿದಳು. ಅದು ಅವಳ ಪಕ್ಕೆಯವರೆಗೆ ಬಂದು ನಿಂತಿತು. ಅವಳು ಎದ್ದು ಕೂತು ಹೇಳಿದಳು.

"ಅಜ್ಜಾ, ನಾ ಬಿದ್ರ ಇದು ನಿಲ್ತದ. ಆದ್ರ ಬಿದ್ದಾಕಿ ನಾನು, ಗ್ವಾಡಿ ಅಲ್ಲ ಅಂತ ಇದಕ್ಕ ಗೊತ್ತಾಗಲ್ಲ."

ಇದೇ ಮಾತು ತಿಳಿಯಲು ನನ್ನ ಕಾಲದಲ್ಲಿ ಅಪ್ಪನ ಉಸಿರೇ ನಿಲ್ಲಬೇಕಾಯಿತು, ಅವಳಿಗೆ ಮನೆಯ ನೆಲದ ಮೇಲೆ ಆಡುತ್ತಲೇ ತಿಳಿಯಿತು.