ಹೇಳಿಬಿಡ್ರಿ ಬಳಗದ ಗಾಳೆಮ್ಮ

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೆಂಗಸರ ಜಂಪರ್ ಹೊಲಿಯುವ ಗಾಳೆಮ್ಮನದು ಎದೆ ತುಂಬಿದ ದನಿ. ಮಷಿನ್ ತುಳಿಯುತ್ತಲೇ ಪಕ್ಕದ ಬಳೆ ಅಂಗಡಿಯ ಜಮೀಲಾಬೀ ಜೊತೆ ಗೋಡೆಯಾಚೆಗೆ ಮಾತಾಡಬಲ್ಲಳು. ಆ ಮಾತು ಹೆಚ್ಚಾಗಿ ಸಂಜೆ ಬರುವ ಧಾರಾವಾಹಿಯದೇ ಇರುತ್ತಿತ್ತು. ಅದರಲ್ಲಿ ಒಬ್ಬ ಶಾಲೆ ಮಾಸ್ತರ, ಒಬ್ಬಳು ನರ್ಸು. ಇಬ್ಬರಿಗೂ ಮನಸ್ಸಿದೆ, ಇಬ್ಬರೂ ಹೇಳುವುದಿಲ್ಲ. ಕಥೆ ಶುರುವಾಗಿ ಎರಡು ಯುಗಾದಿ ಕಳೆದರೂ ಅವರು ಬರೀ ನೋಡುತ್ತಲೇ ಇದ್ದರು.

ಈ ಸಂಕಟ ತಡೆಯಲಾರದೆ ಇಬ್ಬರು ಗೆಳತಿಯರೂ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ಹೆಸರು ‘ಹೇಳಿಬಿಡ್ರಿ ಬಳಗ’. ಲಿಂಗಸುಗೂರಿನ ಅಂಗನವಾಡಿ ಟೀಚರುಗಳು, ಸಿಂಧನೂರಿನ ಸೀರೆ ಅಂಗಡಿಯ ಹುಡುಗಿಯರು, ಅವರ ಅತ್ತೆಯರು, ಹೀಗೆ ಗುಂಪು ಬೆಳೆಯಿತು. ಕಂತು ಮುಗಿದ ಮೇಲೆ ಎಲ್ಲರೂ ಕಾಯುತ್ತಿದ್ದದ್ದು ಗಾಳೆಮ್ಮನ ದನಿಗೆ. ಆಕೆ ಬರೆಯುತ್ತಿರಲಿಲ್ಲ, ಫೋನು ಬಾಯಿಗೆ ಹಿಡಿದು ಮಾತಾಡಿ ಕಳಿಸುತ್ತಿದ್ದಳು. ಪಾತ್ರಗಳ ಉದ್ದುದ್ದ ಹೆಸರು ಆಕೆಯ ನಾಲಗೆಗೆ ಬಂದದ್ದೇ ಇಲ್ಲ. ಮಾಸ್ತರ, ನರ್ಸಮ್ಮ, ಅಷ್ಟೇ.

ಹೋದ ವರ್ಷ ಮಳೆಗಾಲದಲ್ಲಿ ಆಕೆ ಕಳಿಸಿದ ಮಾತು ಹೀಗಿತ್ತು: “ಮಾಸ್ತರ ಇವತ್ತೂ ಬಾಯಿ ಬಿಡಲಿಲ್ಲ ನೋಡ್ರವಾ. ಬಸ್ ಸ್ಟ್ಯಾಂಡಿನಾಗ ತನ್ನ ಛತ್ರಿ ಆಕಿ ಕೈಯಾಗ ಕೊಟ್ಟು ತಾ ತೊಯ್ಸಿಕೊಂಡು ನಿಂತ. ನರ್ಸಮ್ಮನ ಕಣ್ಣಾಗ ನೀರು. ಮನ್ಯಾಗಿನವರ ಅಂಜಿಕಿಗೆ ಇಬ್ಬರೂ ಸಾಯಾಕತ್ಯಾರ. ಎಲ್ಲಿಗರ ಹೋಗಿಬಿಡ್ರೆಪಾ ಅತ್ಲಾಗ, ನಾವದೀವಿ!”

ಎಲ್ಲರೂ ನಕ್ಕರು. ಯಾರೋ ಅದನ್ನು ಇನ್ನೊಂದು ಗುಂಪಿಗೆ ದಾಟಿಸಿದರು. ಅಲ್ಲಿಂದ, ಮಸ್ಕಿಯ ಗಾಳೆಮ್ಮನದು ಎಂಬ ಮಾತಿನೊಂದಿಗೆ, ಮತ್ತೆ ಎಲ್ಲಿಗೋ ಹೋಯಿತು.

ಅದಾದ ವಾರದಲ್ಲೇ ಮಟಮಟ ಮಧ್ಯಾಹ್ನ ಅಂಗಡಿಯ ಮುಂದೆ ಒಂದು ಬೈಕು ನಿಂತಿತು. ಬಿಳಿ ಅಂಗಿಯವನೊಬ್ಬ ಚಪ್ಪಲಿ ಬಿಡದೆ ಒಳಗೆ ಬಂದ. ಫೋನು ಮುಂದೆ ಹಿಡಿದ. ಅದರೊಳಗಿಂದ ಗಾಳೆಮ್ಮನದೇ ದನಿ ಬಂತು.

“ನಿಂದೇನು ಇದು?”

ಆಕೆಯ ಕಾಲು ಮಷಿನ್ ಮೇಲೆಯೇ ನಿಂತಿತು. “ಹೌದ್ರೀ. ಅದು ಧಾರಾವಾಹಿದು...”

“ಧಾರಾವಾಹಿ ಕತಿ ನನಗ ಹೇಳಬ್ಯಾಡ. ಸಾಲಗುಂದದ ಶಿವಕುಮಾರಿ ನಮ್ಮ ತಂಗಿ. ಸಿಂಧನೂರು ದವಾಖಾನ್ಯಾಗ ನರ್ಸ್ ಅದಾಳ. ದಿನಾ ಆಕಿ ಹೋಗೋ ಬಸ್ಸಿನಾಗ ಲಕ್ಷ್ಮಣ ಮಾಸ್ತರ ಅಂತ ಒಬ್ಬ ಹೋಗ್ತಾನ. ಅವನ ಕೇರಿ ಯಾವುದು, ನಮ್ಮ ಮನಿ ಯಾವುದು! ಇದನ್ನ ಊರಿಗೆ ಊರೇ ಕೇಳೈತಿ. ‘ನಾವದೀವಿ’ ಅಂದೀಯಲ್ಲ, ಯಾರ‍್ಯಾರು ಅದೀರಿ? ಓಡಿಸಾಕ ಎಷ್ಟು ಮಂದಿ ಕೂಡೀರಿ?”

ಗಾಳೆಮ್ಮ ಆಣೆ ಮಾಡಿದಳು. ಅವನು ಕೇಳಲಿಲ್ಲ. ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿ ನೋಡಿ ಅಲ್ಲಿಯೇ ಇಟ್ಟ. “ಹುಡುಗರನ್ನ ಕೂಡಿಸ್ಕೊಂಡು ಹೋಗಿ ಮೊದಲು ಅವನ್ನ ನೋಡ್ಕೊಂಡು ಬರ್ತೀವಿ” ಎಂದು ಹೋದ.

ಆಕೆಯ ಗಂಡ ಗದ್ದೆ ಉಳುವ ಟ್ರ್ಯಾಕ್ಟರ್ ಜೊತೆ ತೆಲಂಗಾಣದ ಕಡೆ ಹೋಗಿದ್ದ. ಜಮೀಲಾಬೀ ಓಡಿ ಬಂದಾಗ ಗಾಳೆಮ್ಮ ಫೋನಿನಲ್ಲಿ ಆ ಮಾತನ್ನು ಅಳಿಸುತ್ತಿದ್ದಳು. ತನ್ನ ಗುಂಪಿನಿಂದ ಹೋಯಿತು. ಉಳಿದ ಕಡೆಯಿಂದ ಹೇಗೆ ಹೋದೀತು?

“ಸುಮ್ಕ ಕುಂದ್ರಬೇ. ನಮ್ಮ ಕಡಿಂದ ಏನೂ ತಪ್ಪಿಲ್ಲ” ಎಂದಳು ಜಮೀಲಾಬೀ.

“ತಪ್ಪು ಯಾರದರ ಇರಲಿ, ಆ ಹುಡುಗಗ ಏನರ ಆದರ?” ಎಂದ ಗಾಳೆಮ್ಮ ಅಂಗಡಿಗೆ ಬೀಗ ಹಾಕಿ ಸಿಂಧನೂರು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹಿಂದೆ ಬೈಕಿನ ಸಪ್ಪಳ ಕೇಳಿದಾಗಲೆಲ್ಲ ಕಿಟಕಿಯಿಂದ ಮುಖ ಒಳಗೆಳೆದುಕೊಳ್ಳುತ್ತಿದ್ದಳು.

ವಿಚಾರಿಸುತ್ತ ಹೋದಾಗ ಶಿವಕುಮಾರಿ ಸಿಕ್ಕದ್ದು ಆಸ್ಪತ್ರೆಯ ಮೆಟ್ಟಿಲ ಕೆಳಗೆ, ಊಟದ ಡಬ್ಬಿ ಹಿಡಿದುಕೊಂಡು. ಗಾಳೆಮ್ಮ ಹೇಳುತ್ತ ಹೋದಂತೆ ಹುಡುಗಿಯ ತುಟಿ ಬೆಳ್ಳಗಾಯಿತು.

“ಅದಕ್ಕ ಅಣ್ಣ ನನ್ನ ಫೋನ್ ಇಸಗೊಂಡಾನ. ಯಾಕಂತ ಹೇಳಲಿಲ್ಲ.”

“ತಂಗಿ, ನಾ ನಿಮ್ಮ ಮಾರಿನೂ ನೋಡಿದಾಕಿ ಅಲ್ಲ. ನಿಮಗೂ ಆ ಮಾಸ್ತರಗೂ ಏನೂ ಇಲ್ಲಲ್ಲ? ಇಲ್ಲ ಅಂದ್ರ ನಾ ಗಟ್ಟಿ ನಿಂತು ಹೇಳ್ತೀನಿ.”

ಶಿವಕುಮಾರಿ ಡಬ್ಬಿಯ ಮುಚ್ಚಳ ಬಿಗಿಮಾಡಿದಳು.

“ಒಂದು ಮಾತೂ ಆಡಿಲ್ಲರೀ. ಕಿಟಕಿ ಸೀಟಿನ ಮ್ಯಾಲೆ ಚೀಲ ಇಟ್ಟಿರ‍್ತಾರ. ನಾ ಬಂದ ಕೂಡ್ಲೆ ಚೀಲ ತಗೊಂಡು ಹಿಂದಕ್ಕ ಹೋಗಿ ನಿಲ್ತಾರ. ಅಷ್ಟ.” ಮತ್ತೆ ಹೇಳಿದಳು, “ಅವರಿಗೆ ನಾಳೆ ಆ ಬಸ್ಸಿಗೆ ಬರಬ್ಯಾಡ ಅಂತ ಹೇಳ್ರಿ. ನನ್ನ ಹತ್ರ ಅವರ ನಂಬರ್ ಸೈತ ಇಲ್ಲ.”

ಗಾಳೆಮ್ಮ ಇಲ್ಲದ್ದನ್ನು ಇಲ್ಲವೆಂದು ಸಾರುವ ಧೈರ್ಯದಿಂದ ಬಂದಿದ್ದಳು. ಈಗ ಇದನ್ನು ಏನೆಂದು ಕರೆಯುವುದು? ಬಳಗದ ಅಂಗನವಾಡಿ ಟೀಚರೊಬ್ಬಳ ಮೂಲಕ ಮಾಸ್ತರನ ನಂಬರು ಹಿಡಿದು ಮಾತಾಡಿದಳು. ಆಚೆಯವನು ಎಲ್ಲವನ್ನೂ ಕೇಳಿ, “ಆಕಿಗೆ ಏನರ ಬಡದಾರೇನ್ರೀ?” ಎಂದಷ್ಟೇ ಕೇಳಿದ. ಅವನಿನ್ನೂ ಶಾಲೆಯಲ್ಲಿಯೇ ಇದ್ದ. ಹಿತ್ತಿಲ ಬಾಗಿಲಿನಿಂದ ಹೊರಟು ಯಾರಾದರೂ ನೆಂಟರ ಊರಿಗೆ ಹೋಗಲು ಆಕೆ ಬೇಡಿಕೊಂಡಳು.

ಆಮೇಲೆ, ಆ ಮಾತು ಧಾರಾವಾಹಿಯದೆಂದು ಹುಡುಗಿಯ ಮನೆಯವರಿಗೇ ಹೇಳಲು, ಸಾಲಗುಂದಕ್ಕೆ ಆಟೋ ಹಿಡಿದಳು. ಹಾಗೆ ಮಾಡಬೇಡವೆಂದು ಜಮೀಲಾಬೀ ಫೋನಿನಲ್ಲಿ ಅತ್ತಳು. ಕಾಲುವೆಯ ಎರಡೂ ಬದಿಗೆ ಭತ್ತದ ಗದ್ದೆಗಳಲ್ಲಿ ಒಬ್ಬರೂ ಇರಲಿಲ್ಲ. ಹಿಂದಕ್ಕೆ ತಿರುಗಿಸು ಎಂದು ಆಟೋದವನಿಗೆ ಹೇಳಲು ಆಕೆ ಬಾಯಿ ತೆರೆದಳು, ಮುಚ್ಚಿದಳು.

ಮನೆಯ ಅಂಗಳದಲ್ಲಿ ಬಿಳಿ ಅಂಗಿಯ ಸಿದ್ದಲಿಂಗೇಶ ಬೈಕಿಗೆ ಒರಗಿ ನಿಂತಿದ್ದ. ಜೊತೆಗೆ ಇನ್ನಿಬ್ಬರಿದ್ದರು. ಶಾಲೆಗೆ ಹೋಗಿ ಮಾಸ್ತರ ಸಿಗದೆ ಬಂದಿದ್ದರು.

“ಇಕಿ ಇಲ್ಲಿಗೇ ಬಂದಾಳಲೇ!” ಎಂದು ಅವನು ಮುಂದೆ ಬಂದ. ಗಾಳೆಮ್ಮನ ಬಾಯಿಂದ ದನಿಯೇ ಹೊರಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಹಾಗಾಗಿತ್ತು. ಕೈ ಮುಗಿದು ನಿಂತಳು.

ಅಷ್ಟರಲ್ಲಿ ಪಡಸಾಲೆಯಿಂದ ಅವನ ತಾಯಿ ಶೇಖರಮ್ಮ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಟಿವಿಯ ರಿಮೋಟು.

“ಏನದು ಮುಂಜಾನಿಂದ ಎಲ್ಲರೂ ಕೇಳಾಕತ್ತೀರಿ? ನನಗೂ ಕೇಳಸು.”

ಮಗ ಒಲ್ಲದ ಮನಸ್ಸಿನಿಂದ ಕೇಳಿಸಿದ. ಶೇಖರಮ್ಮ ತಲೆ ಒಂದು ಕಡೆ ವಾಲಿಸಿ ಕೊನೆಯವರೆಗೂ ಕೇಳಿದರು.

“ಲೇ ಸಿದ್ದಲಿಂಗ, ಈ ಛತ್ರಿ ಕೊಟ್ಟಿದ್ದು ನಾನೂ ನೋಡೀನಲ್ಲೋ. ಮುಂದ ಆಕಿ ಸೋದರಮಾವ ಜೀಪ್ ತಗೊಂಡು ಬರ್ತಾನ. ಇದು ಟಿವ್ಯಾಗಿಂದು. ಇದನ್ನ ಹಿಡಕೊಂಡು ನಮ್ಮ ಹುಡುಗಿ ಫೋನ್ ಕಸಗೊಂಡಿಯೇನು?”

ಜೊತೆಗಿದ್ದ ಇಬ್ಬರಲ್ಲೊಬ್ಬ ನಕ್ಕುಬಿಟ್ಟ. ಸಿದ್ದಲಿಂಗೇಶನ ಮುಖ ಕೆಂಪಾಯಿತು. ಅವನು ನಗಲಿಲ್ಲ. “ಆ ಮಾಸ್ತರ ಮತ್ತ ಆ ಬಸ್ಸಿನಾಗ ಕಾಣಬಾರದು” ಎಂದು ಯಾರಿಗೋ ಎಂಬಂತೆ ಹೇಳಿ ಬೈಕು ಒದ್ದು ಹೊರಟುಹೋದ.

ಗಾಳೆಮ್ಮ ಅಂಗಳ ದಾಟುವಾಗ ಶೇಖರಮ್ಮ ಹಿಂದೆಯೇ ಬಂದು ಆಕೆಯ ಮೊಣಕೈ ಹಿಡಿದರು. ಹಿಡಿತ ಬಿಗಿಯಾಗಿತ್ತು.

“ಟಿವ್ಯಾಗಿಂದು ಅಂಬೋದು ಖರೇ. ನನ್ನ ಮಗಳದು? ನೀ ಆಕಿನ್ನ ನೋಡೇ ಬಂದಿರಬೇಕು. ಏನರ ಐತೇನು?”

“ಏನೂ ಇಲ್ಲರೀ ಯವ್ವಾ” ಎಂದಳು ಗಾಳೆಮ್ಮ.

ಶೇಖರಮ್ಮ ಆಕೆಯ ಕಣ್ಣನ್ನೇ ನೋಡಿ ನಿಧಾನವಾಗಿ ಕೈ ಬಿಟ್ಟರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಶಿವಕುಮಾರಿಯ ಕೆಲಸ ಉಳಿಯಿತು. ಆದರೆ ಈಗ ಅಣ್ಣನೇ ಬೈಕಿನಲ್ಲಿ ಬಿಟ್ಟು ಕರೆತರುತ್ತಾನೆ. ಲಕ್ಷ್ಮಣ ಮಾಸ್ತರ ವರ್ಗಾವಣೆ ಕೇಳಿಕೊಂಡು ಲಿಂಗಸುಗೂರು ಕಡೆಯ ಶಾಲೆಗೆ ಹೋದ. ಅವರಿಬ್ಬರೂ ಕೊನೆಗೂ ಮಾತಾಡಿದರೇ ಎಂಬುದು ಯಾರಿಗೂ ಗೊತ್ತಿಲ್ಲ.

ಧಾರಾವಾಹಿ ಇನ್ನೂ ನಡೆದಿದೆ. ಬಳಗದಲ್ಲಿ ಜಗಳ, ನಗು, ಶಾಪ ಎಲ್ಲವೂ ಇವೆ. ಗಾಳೆಮ್ಮ ಮಾತ್ರ ಬಾಯಿ ಬಿಡುವುದಿಲ್ಲ. ತೀರಾ ಒತ್ತಾಯಿಸಿದರೆ ಒಂದು ಹೂವಿನ ಚಿತ್ರ ಕಳಿಸುತ್ತಾಳೆ. ಈಚೆಗೆ ಯಾರೋ ಸೇರಿಸಿದ ಹೊಸ ನಂಬರೊಂದು ಗುಂಪಿನಲ್ಲಿದೆ. ಹೆಸರಿಲ್ಲ, ಫೋಟೋ ಇಲ್ಲ. ಅದು ಏನನ್ನೂ ಬರೆಯುವುದಿಲ್ಲ, ಬಂದದ್ದನ್ನೆಲ್ಲ ಓದುತ್ತದೆ. ಶಿವಕುಮಾರಿಯದೋ, ಅವಳ ಅಣ್ಣನದೋ ಎಂದು ಜಮೀಲಾಬೀ ಕೇಳುತ್ತಾಳೆ. ತೆಗೆದುಹಾಕಿದರೆ ಅವಳಾಗಿದ್ದರೆ ಎಂಬ ಚಿಂತೆ, ಬಿಟ್ಟರೆ ಅವನಾಗಿದ್ದರೆ ಎಂಬ ಭಯ. ಗಾಳೆಮ್ಮ ದಿನಾ ಒಮ್ಮೆ ಆ ನಂಬರಿನ ಮೇಲೆ ಬೆರಳು ತಂದು, ಒತ್ತದೆ ಹಿಂದಕ್ಕೆಳೆದುಕೊಳ್ಳುತ್ತಾಳೆ.