ಏರು ಹೇಳ್ತೈತೆ

ಮುಳಬಾಗಿಲಿನಲ್ಲಿ ನನ್ನ ಬೈಕು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು. ನುಗ್ಗೆಕಾಯಿಯಂಥ ಮೈ. ಗಾಡಿ ಬಂದರೆ ಮೊದಲು ಕೈ ಒರೆಸಿಕೊಂಡು, ಜ್ವರ ನೋಡುವವರಂತೆ ಟ್ಯಾಂಕಿನ ಮೇಲೆ ಅಂಗೈ ಇಡುತ್ತಿದ್ದರು. ರಿಪೇರಿ ಸರಿಯಾಯಿತೇ ಎಂದು ಕೇಳಿದರೆ ಒಂದೇ ಉತ್ತರ: "ನಾನ್ಯಾಕೆ ಹೇಳ್ಲಿ? ಏರು ಹೇಳ್ತೈತೆ." ಹಿಂದಿನ ಸೀಟಿನಲ್ಲಿ ಕೂತು ಬೈರಕೂರು ರಸ್ತೆಯ ಏರಿನವರೆಗೆ ಬಂದೇ ಬರುತ್ತಿದ್ದರು.

ದುಬಾರಿ ಸ್ಪಾರ್ಕ್ ಪ್ಲಗ್ಗು, ಇಗ್ನಿಷನ್ ಕಾಯಿಲ್ ಹಾಕಿಸಿದರೆ ಗಾಡಿ ಹಾರುತ್ತದೆಂದು ಮೊಬೈಲಿನಲ್ಲಿ ನೋಡಿ, ಅವರನ್ನು ಕೇಳಿದೆ. ಅವರು ನಕ್ಕರು.

"ಕಿಡಿ ಸರಿಯಾಗೇ ಬೀಳ್ತೈತೆ ಮೇಷ್ಟ್ರೇ. ದುಬಾರಿ ಬೆಂಕಿಕಡ್ಡಿ ಗೀರಿದ್ರೆ ಅನ್ನ ಬೇಗ ಬೇಯ್ತೈತಾ?"

ನನಗೆ ರೋಷ ಬಂತು. ಕೋಲಾರಕ್ಕೆ ಹೋಗಿ ಎರಡನ್ನೂ ಹಾಕಿಸಿಕೊಂಡು ಬಂದು, ಅವರ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸಿದೆ.

"ಹತ್ತಿ ಭಾಯ್, ಈಗ ನೋಡಿ!"

ತಾವು ನೋಡಿಕೊಳ್ಳುತ್ತಿದ್ದ ಗಾಡಿಯನ್ನು ಬೇರೆಯವರು ಬಿಚ್ಚಿದ್ದಾರೆಂದು ಅವರಿಗೆ ನೋಡಿದ ಕೂಡಲೇ ತಿಳಿಯಿತು. ಆದರೂ ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಹಿಂದೆ ಕೂತರು.

ಅದೇ ಏರು. ಎಂದಿನಂತೆ ಅರ್ಧದಲ್ಲೇ ಗಾಡಿ ಏದುಸಿರು ಬಿಟ್ಟಿತು. ಎಂದಿನಂತೆಯೇ ನಾನು ಗೇರು ಇಳಿಸಿದೆ. ಇನ್ನೇನು ಬೆಂಕಿಕಡ್ಡಿಯ ಮಾತು ಬಂತು ಎಂದುಕೊಂಡೆ.

ಭಾಯ್ ನನ್ನ ಹೆಗಲು ತಟ್ಟಿ, ಗಾಡಿ ನಿಲ್ಲಿಸಲು ಹೇಳಿ ಇಳಿದರು.

"ಗಾಡಿದೇನೂ ತಪ್ಪಿಲ್ಲ ಮೇಷ್ಟ್ರೇ. ನಾನೇ ಈಚೆಗೆ ದಪ್ಪ ಆಗ್ಬಿಟ್ಟಿದೀನಿ" ಎಂದು, ಸೊಂಟದಲ್ಲಿ ನಿಲ್ಲದ ಪ್ಯಾಂಟನ್ನು ಮೇಲಕ್ಕೆಳೆದುಕೊಳ್ಳುತ್ತಾ ಏರನ್ನು ನಡೆದೇ ಹತ್ತತೊಡಗಿದರು.