ಹೊಳೆಯಾಚೆಯ ಪಿಂಚಣಿ, ಈಚೆಯ ಮೀಸೆ

ನಾನು ಬದುಕಿದ್ದೇನೆ ಎನ್ನುವುದಕ್ಕೆ ಸಾಕ್ಷಿ ಬೇಕೆಂದರು. ಸಾಕ್ಷಿಗೆ ನನ್ನ ಅತ್ತೆಯನ್ನು ಕರೆದೆ. ಅವರು ಅಲ್ಲಿಯ ತನಕ ನನ್ನ ಮುಖವನ್ನೇ ನೋಡಿರಲಿಲ್ಲ.

ನಗಬೇಡಿ. (ನಕ್ಕರೂ ಅಡ್ಡಿಯಿಲ್ಲ, ಅಲ್ಲಿದ್ದವರೆಲ್ಲ ನಕ್ಕರು.) ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ನನ್ನ ಪಿಂಚಣಿಯ ಸಂಗತಿ ಗೊತ್ತು. ಹೊಸಬರಿಗಾಗಿ ಎರಡು ಮಾತು. ನಾನು ಹುಟ್ಟಿದ್ದು ಆಸ್ಪರಿಯಲ್ಲಿ, ಇಂಗ್ಲಿಷರ ಸೀಮೆಯಲ್ಲಿ. ಮಾಸ್ತರಿಕೆ ಮಾಡಿದ್ದು ತುಂಗಭದ್ರೆಯ ಆಚೆ, ನಿಜಾಮ ಸೀಮೆಯ ಒಂದು ಸಣ್ಣ ಊರಲ್ಲಿ. ಕೆಲಸ ಮುಗಿದ ಮೇಲೆ ಹುಟ್ಟಿದೂರಿಗೆ ಬಂದು ಕುಳಿತೆ. ರೈಲಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ದಾರಿ. ಆದರೂ ಆಚೆಯ ಸರಕಾರಕ್ಕೆ ನಾನು ಪರದೇಶದಲ್ಲಿರುವ ಮನುಷ್ಯ. ಪರದೇಶದಲ್ಲಿ ಕುಳಿತವನಿಗೆ ಪಿಂಚಣಿ ಬೇಕೆಂದರೆ ವರ್ಷಕ್ಕೆ ಎರಡು ಸಲ ತಾನೇ ಹೋಗಿ ಆಫೀಸಿನಲ್ಲಿ ನಿಲ್ಲಬೇಕು. ಅವರು ನೋಡಬೇಕು. ನೋಡಿ, ‘ಇದ್ದಾನೆ’ ಎಂದು ಬರೆಯಬೇಕು. ಅದಕ್ಕೆ ಅಲ್ಲಿ ಹಯಾತಿ ಎನ್ನುತ್ತಾರೆ. ಹಯಾತಿ ತಪ್ಪಿತೋ, ಪಿಂಚಣಿ ನಿಂತಿತು. ಮತ್ತೆ ಹಚ್ಚಿಸುವಷ್ಟರಲ್ಲಿ ಮನುಷ್ಯ ನಿಜವಾಗಿಯೇ ಹೋಗಿರುತ್ತಾನೆ.

ಪ್ರತಿ ಸಲ ನನ್ನ ಹೆಂಡತಿ ಈರಮ್ಮನೂ ಜೊತೆಗೆ ಬರುತ್ತಿದ್ದಳು. ರೈಲು ಸೇತುವೆಯ ಮೇಲೆ ಬಂದಾಗ ಅವಳದೊಂದು ಆಟವಿತ್ತು. “ಇಲ್ಲೀತನಕ ನೀವು ಇಂಗ್ಲಿಷರವರು. ಆ ದಂಡಿ ಮುಟ್ಟಿದ ಮ್ಯಾಲೆ ನಿಜಾಮರವರು. ಈ ನಡುಹೊಳಿಯಾಗ ಯಾರವರು, ಹೇಳ್ರಿ ನೋಡೂಣು?” ಎನ್ನುವಳು. ಉತ್ತರ ಇಬ್ಬರಿಗೂ ಗೊತ್ತಿತ್ತು. ನಾನು ಹೇಳುತ್ತಿರಲಿಲ್ಲ. ಮೀಸೆಯ ಒಳಗೇ ನಗುತ್ತಿದ್ದೆ.

ಈ ಸುಗ್ಗಿಯಲ್ಲಿ, ಹತ್ತಿ ಬಿಡಿಸುವ ಹೊತ್ತಿಗೆ, ಈರಮ್ಮ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಕೊನೆಯ ಕೆಲಸವನ್ನೆಲ್ಲ ನಾನೇ ಮಾಡಿದೆ. ಹೊಂಡದ ದಂಡೆಯಲ್ಲಿ ಕೂರಿಸಿ ತಲೆ ಬೋಳಿಸಿದರು. ಮೀಸೆಗೆ ಬಂದಾಗ ಕ್ಷೌರದ ತಿಮ್ಮಣ್ಣ ಕತ್ತಿ ಹಿಡಿದು ನಿಂತ. “ಇದೂ ತೆಗಿಲೇನ್ರಿ ಮಾಸ್ತರ?” ಎಂದ. ತೆಗೆ ಎಂದೆ. ಇನ್ನು ಅದು ಯಾರಿಗಾಗಿ?

ಅದು ಒಬ್ಬರಿಗೆ ಬೇಕಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ. ಸರಕಾರಕ್ಕೆ.

ಅತ್ತೆಯ ಮಾತಿಗೆ ಬರುತ್ತೇನೆ. ಹೆಸರು ಗಂಗವ್ವ. ಗಂಡ ಹೋದ ಮೇಲೆ ಮಗಳ ಮನೆಗೆ ಬಂದವರು ನಮ್ಮಲ್ಲೇ ಉಳಿದರು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಲ್ಲುವುದಿಲ್ಲ. ಮುಖ ನೋಡುವುದಿಲ್ಲ, ಹೆಸರು ಹೇಳುವುದಿಲ್ಲ, ನೇರ ಮಾತಾಡುವುದಿಲ್ಲ. ನಾನು ಒಳಗೆ ಬಂದರೆ ಸೆರಗು ಮೂಗಿನ ತನಕ ಇಳಿಯುತ್ತಿತ್ತು. ಹೇಳುವುದಿದ್ದರೆ ಮಗಳಿಗೆ ಹೇಳುವರು, ಮಗಳು ನನಗೆ ಹೇಳುವಳು. ಮನೆಯಲ್ಲಿ ಹೀಗೊಂದು ಅಂಚೆ ಇತ್ತು. ಅಂಚೆಯವಳೇ ಹೋದ ಮೇಲೆ?

ಗಂಗವ್ವ ಪಡಸಾಲೆಯ ಕಂಬವನ್ನು ಹಿಡಿದರು. “ಕಂಬಪ್ಪಾ, ರೊಟ್ಟಿ ಆರತೈತಿ ಅಂತ ಹೇಳು.” “ಕಂಬಪ್ಪಾ, ಬಿಸಿನೀರು ಕಾದೈತಿ ಅಂತ ಹೇಳು.” ಕಂಬ ಸುಮ್ಮನಿರುತ್ತಿತ್ತು. ನಾನು ಎದ್ದು ಹೋಗುತ್ತಿದ್ದೆ. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಹತ್ತಿ ತುಂಬಿದಂತಿತ್ತು. ಯಾರು ಮಾತಾಡಿದರೂ ದೂರದಿಂದ ಕೇಳುತ್ತಿತ್ತು. ಕಂಬವೇ ಮಾತಾಡುತ್ತಿದೆ ಎಂದು ಕೆಲವು ಸಲ ಅನಿಸಿದ್ದೂ ಉಂಟು.

ಒಂದು ಮಧ್ಯಾಹ್ನ ಪಕ್ಕದ ಮನೆಯ ನಾಗಕ್ಕ ಬಂದಳು. ನಾನು ಹಿತ್ತಿಲಲ್ಲಿದ್ದೆ. ಅವಳ ಮಾತು ಕಿವಿಗೆ ಬಿತ್ತು. “ಮಗಳು ಇರೂತನಕ ಅದು ಮಗಳ ಮನಿ ಬೇ. ಈಗ ಅದು ಯಾರ ಮನಿ? ಮದ್ದಿಕೇರದಾಗ ತಮ್ಮನ ಮಕ್ಕಳದಾರಲ್ಲ, ಹೋಗಬಾರದ?”

“ಅದಾರ. ದನದ ಕ್ವಾಟಿಗಿ ಪಕ್ಕ ಒಂದು ಮೂಲಿ ಐತಿ. ಹೋದ ಸಲ ಅಲ್ಲೇ ಹಾಸಿದ್ರು,” ಎಂದರು ಗಂಗವ್ವ.

ಅವತ್ತು ನನಗೆ ಎಚ್ಚರವಾಯಿತು. ಈ ಮನೆಯಲ್ಲಿ ಎರಡು ಜೀವ ಇವೆ. ಎರಡೂ ಹೊಳೆಯಾಚೆಯ ಪಿಂಚಣಿಯಲ್ಲಿ ಉಣ್ಣುತ್ತವೆ. ಅದು ನಿಂತರೆ ನಾನು ಯಾವುದಾದರೂ ಹತ್ತಿ ಮಂಡಿಯ ಜಗಲಿಯಲ್ಲಿ ಬಿದ್ದುಕೊಳ್ಳಬಹುದು. ಆ ಮುದುಕಿಗೆ ಕೊಟ್ಟಿಗೆಯ ಮೂಲೆಯೇ ಗತಿ. ಹಯಾತಿಯ ದಿನ ಹತ್ತಿರ ಬಂದಿತ್ತು.

ಹೊರಟೆ. ಕಂಬ ಹೇಳಿತು: “ನಾನೂ ಬರತೀನಿ. ಆಕಿ ಇಲ್ಲದ ಮನ್ಯಾಗ ಒಬ್ಬಾಕಿ ಇರಾಕ ಆಗದಿಲ್ಲ.”

ರೈಲಿನಲ್ಲಿ ಅತ್ತೆ ನನಗೆ ಬೆನ್ನು ಮಾಡಿ ಕುಳಿತರು. ಕಿಟಕಿಯ ಸರಳಿಗೆ ಹತ್ತಿಯ ಎಳೆ ಸಿಕ್ಕಿಕೊಂಡು ತೂಗುತ್ತಿತ್ತು. ಆದೋನಿಯಲ್ಲಿ ಹತ್ತಿದ ಒಬ್ಬ ವ್ಯಾಪಾರಿ, “ಎಕ್ಕಡಿಕಮ್ಮಾ ಪ್ರಯಾಣಂ?” ಎಂದು ತೆಲುಗಿನಲ್ಲಿ ಕೇಳಿದ, ಎಲ್ಲಿಗೆ ಹೊರಟಿರಿ ಎಂದು. ಬೇರೆ ಗಂಡಸರ ಜೊತೆ ಮಾತಾಡಲು ಗಂಗವ್ವನಿಗೆ ಯಾವ ಕಂಬವೂ ಬೇಕಿಲ್ಲ.

“ಅಳಿಯ ಬದುಕ್ಯಾರಂತ ತೋರ್ಸಾಕ ಹೊಂಟೀವಪ್ಪ.”

“ಇಲ್ಲೇ ಕುಂತಾರಲ್ಲಮ್ಮಾ. ಉಸಿರಾಡಾಕ ಹತ್ತ್ಯಾರ,” ಎಂದ ಅವನು ನನ್ನನ್ನು ನೋಡಿ.

“ಅದು ನಿನಗ ಕಾಣತೈತಿ. ಸರಕಾರಕ್ಕ ಹತ್ರ ಹೋಗಿ ನಿಂತರ ಕಾಣತೈತಿ. ಅದಕೂ ವಯಸ್ಸಾಗೈತಿ.”

ಸೇತುವೆ ಬಂತು. ಕೆಳಗೆ ನೀರಿಗಿಂತ ಬಂಡೆಗಳೇ ಹೆಚ್ಚು. ನಡುವೆ ಒಂದು ಎಳೆ ಹೊಳೆ, ಬಿಸಿಲಿಗೆ ಬೆಳ್ಳಗೆ. ಕಣ್ಣು ಮುಚ್ಚಿದೆ. ರೈಲು ನಿಂತಿದೆ, ಸೇತುವೆಯೇ ಹಿಂದಕ್ಕೆ ಹೋಗುತ್ತಿದೆ ಅನಿಸಿತು. ಪಕ್ಕದಲ್ಲಿ ಯಾರೋ ಕೇಳುತ್ತಾರೆ ಎಂದು ಕಾದೆ. ಯಾರೂ ಕೇಳಲಿಲ್ಲ. ಇಷ್ಟು ವರ್ಷ ಬಾಯಿ ಬಿಡದಿದ್ದ ಉತ್ತರವನ್ನು ಇವತ್ತು ಯಾರಿಗೆ ಹೇಳಲಿ?

ಆಫೀಸಿನಲ್ಲಿ ನನ್ನನ್ನು ಬಲ್ಲ ಹಳೆಯ ಗುಮಾಸ್ತರು ಇರಲಿಲ್ಲ. ಬೇರೆ ಊರಿಗೆ ಹೋಗಿದ್ದರಂತೆ. ಅವರ ಕುರ್ಚಿಯಲ್ಲಿ ಒಬ್ಬ ಹೊಸ ಸಾಹೇಬರು. ಒಳ್ಳೆಯವರು, ಮೆತ್ತನೆಯ ಮಾತು. ನನ್ನ ಗುರುತಿನ ಕಾಗದ ತೆಗೆದು ಓದಿದರು. ನನ್ನನ್ನು ನೋಡಿದರು. ಮತ್ತೆ ಓದಿದರು.

“ಮಾಸ್ತರ್ ಸಾಬ್, ಇದರಾಗ ದೊಡ್ಡ ಮೀಸಿ ಅಂತ ಬರದೈತಿ. ಗಲ್ಲದ ಮ್ಯಾಲೆ ತಿರುವಿದ್ದು. ಬ್ಯಾರೆ ಗುರುತೇ ಇಲ್ಲ.”

ಹೌದು. ಹಿಂದೆ ಅದನ್ನು ಬರೆಯುವಾಗ ಹಳೆಯ ಗುಮಾಸ್ತರು ಮೈಮೇಲೆ ಮಚ್ಚೆ ಹುಡುಕಿ ಸೋತಿದ್ದರು. “ಇಂಥ ಮೀಸಿ ಇದ್ದವನಿಗೆ ಮಚ್ಚಿ ಯಾಕ್ರಿ?” ಎಂದು ನಕ್ಕು ಮುಗಿಸಿದ್ದರು. ನಾನೂ ಉಬ್ಬಿದ್ದೆ.

“ಹೆಂಡ್ತಿ ತೀರಿಕೊಂಡ್ಳು. ತೆಗಸಿದೆ,” ಎಂದೆ.

ಸಾಹೇಬರು ತಲೆ ತಗ್ಗಿಸಿದರು. ಆಮೇಲೆ ಕೇಳಿದರು: “ನಿಮ್ಮನ್ನ ಬಲ್ಲವರು ಯಾರರ ಅದಾರೇನ್ರಿ? ಅವರು ಹೇಳಿದರ ಸಾಕು. ಇಲ್ಲಂದರ ಮ್ಯಾಲೆ ಬರದು ಕೇಳಬೇಕು. ಅಲ್ಲೀತನಕ ಪಿಂಚಣಿ ನಿಲ್ಲತೈತಿ.”

ನಾನು ಪಾಠ ಹೇಳಿದ ಊರು ಅಲ್ಲಿಂದ ಗಾಡಿಯಲ್ಲಿ ಒಂದು ಹಗಲಿನ ದಾರಿ. ಹೊರಗೆ ಬೇವಿನ ನೆರಳಲ್ಲಿ ಕುಳಿತ ಅತ್ತೆ ಬಿಟ್ಟರೆ ನನಗೆ ಆಫೀಸಿದ್ದ ಊರಲ್ಲಿ ಯಾರಿದ್ದರು?

ಗಂಗವ್ವ ಬಂದು ಹೊಸ್ತಿಲಾಚೆ ನಿಂತರು. ಸೆರಗು ಗಲ್ಲದ ತನಕ ಇಳಿದಿತ್ತು. ಇವರು ನಿಮ್ಮ ಅಳಿಯ ಹೌದೋ ಎಂದು ಸಾಹೇಬರು ಕೇಳಿದರು. ಗಂಗವ್ವ ಬಾಗಿಲ ಚೌಕಟ್ಟಿಗೆ ಹೇಳಿದರು: “ಬಾಗಲಪ್ಪಾ, ಸಾಹೇಬರಿಗೆ ಹೇಳು. ಧ್ವನಿ ಅವರದ. ಕೆಮ್ಮೂ ಅವರದ.”

“ಮುಖ ನೋಡಿ ಹೇಳಮ್ಮಾ.”

“ಮುಖ ನಾ ನೋಡಿಲ್ರಿ.”

ಆಫೀಸು ನಕ್ಕಿತು. ಜವಾನ ಬಾಯಿಗೆ ಕೈ ಹಿಡಿದು, “ಒಂದ ಮನ್ಯಾಗ ಇದ್ದು ನೋಡಿಲ್ಲೇನು?” ಎಂದ.

“ಕಾಲು ನೋಡೀನಪ್ಪ. ಬಲಗಾಲ ಹೆಬ್ಬಟ್ಟು ಒಳಗ ಬಾಗೈತಿ. ಚಪ್ಲಿ ಬಿಡಸು, ತೋರಸ್ತೀನಿ.”

ಸಾಹೇಬರು ನಗಲಿಲ್ಲ. “ಕಾಲಿನ ಮ್ಯಾಲೆ ಬರಿಯಾಕ ಬರಂಗಿಲ್ಲಮ್ಮಾ. ಮುಖದ ಗುರುತು ಬೇಕು. ನೋಡೇ ಇಲ್ಲ ಅಂದಮ್ಯಾಲೆ ಈಗ ನೋಡಿ ತಾನೇ ಹೆಂಗ ಹಿಡೀತೀ?” ಎಂದರು. ಕಾಗದ ಮಡಿಚತೊಡಗಿದರು.

ಅದು ಮಡಿಚಿಕೊಳ್ಳುವುದನ್ನು ನಾನು ದೂರದಿಂದ ನೋಡುವಂತೆ ನೋಡುತ್ತಿದ್ದೆ. ಸದ್ದು ಕೇಳಲಿಲ್ಲ. ಕೊಟ್ಟಿಗೆಯ ಮೂಲೆ ಕಣ್ಣಿಗೆ ಬಂತು.

“ತಡೀರಿ,” ಎಂದರು ಗಂಗವ್ವ. ಈ ಸಲ ಬಾಗಿಲಿಗಲ್ಲ. “ನಾ ನೋಡಿಲ್ಲ, ನನ್ನ ಮಗಳು ನೋಡ್ಯಾಳ. ಲಗ್ನ ಆದ ಹೊಸದಾಗ ಇವರ ಅಪ್ಪ ಸತ್ತಿದ್ರು. ಆಗೂ ಮೀಸಿ ತೆಗಸಿದ್ರಂತ. ಮ್ಯಾಲಿನ ತುಟಿ ಎಡಕ್ಕ ಸಣ್ಣ ಗೀರು ಐತಿ, ಸಣ್ಣಾವರಿದ್ದಾಗ ಟಗರು ಹಾಯ್ದದ್ದು, ಅಂತ ಹೇಳಿದ್ಳು. ‘ಯವ್ವಾ, ಮೀಸಿ ಇಲ್ಲಂದರ ತಪ್ಪಿಸಿಕೊಂಡ ಹುಡುಗನಂಗ ಕಾಣತಾರ’ ಅಂದು ನಕ್ಕಿದ್ಳು.”

ಎಲ್ಲರ ಕಣ್ಣೂ ನನ್ನ ತುಟಿಗೆ ಬಂತು. ಆ ಟಗರನ್ನು ನಾನೇ ಮರೆತಿದ್ದೆ. ನಾನು ಮರೆತದ್ದನ್ನೂ ಈರಮ್ಮ ಎಲ್ಲೋ ಇಟ್ಟು ಹೋಗಿದ್ದಳು.

“ಐತೇನು, ನೀನ ನೋಡಿ ಹೇಳಮ್ಮಾ,” ಎಂದರು ಸಾಹೇಬರು.

ಗಂಗವ್ವ ಹೊಸ್ತಿಲು ದಾಟಿ ಬಂದರು. ಸೆರಗು ಎತ್ತಿದರು.

ಒಂದು ಸಂಗತಿ ಹೇಳುವುದನ್ನು ಬಿಟ್ಟಿದ್ದೆ. ಅವರು ನನ್ನ ಮುಖ ನೋಡಿರಲಿಲ್ಲ, ಸರಿ. ಅವರ ಮುಖವನ್ನು ನಾನು ನೋಡಿದ್ದೆನೇ? ಸುಕ್ಕುಗಳ ನಡುವೆ ಎರಡು ಕಣ್ಣು. ಅಂಚಿನಲ್ಲಿ ಸ್ವಲ್ಪ ಮೇಲಕ್ಕೆ ಎಳೆದಂಥವು. ಅವು ಈರಮ್ಮನ ಕಣ್ಣು. ಅವಳು ಮುದುಕಿಯಾಗುವ ತನಕ ಇದ್ದಿದ್ದರೆ ಹೀಗೆಯೇ ನೋಡುತ್ತಿದ್ದಳು. ಅಷ್ಟು ಹೊತ್ತು ನಾನು ಆಫೀಸಿನಲ್ಲಿರಲಿಲ್ಲ. ನಡುಹೊಳೆಯಲ್ಲಿದ್ದೆ.

“ಐತ್ರಿ ಗೀರು,” ಎಂದರು ಸಾಹೇಬರಿಗೆ. ಆಮೇಲೆ ಸಣ್ಣ ದನಿಯಲ್ಲಿ, ಬಾಗಿಲಿಗಲ್ಲ, ಕಂಬಕ್ಕಲ್ಲ, ನನಗೆ: “ಆಕಿ ಹೇಳಿದಂಗ ಅದೀರಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮೀಸೆಯ ಪಕ್ಕದಲ್ಲಿ ಗೀರನ್ನೂ ಬರೆದುಕೊಂಡರು. ಇದ್ದಾನೆ ಎಂದು ಬರೆದರು.

ಹಿಂದಿರುಗುವಾಗ ಸೆರಗು ಮತ್ತೆ ತನ್ನ ಜಾಗಕ್ಕೆ ಇಳಿದಿತ್ತು. ಸೇತುವೆ ದಾಟಿದ ಮೇಲೆ ಗಂಗವ್ವ ಕಿಟಕಿಯ ಸರಳಿಗೆ ಕೇಳಿದರು: “ಮದ್ದಿಕೇರಕ್ಕ ಹೋಗಬೇಕೇನು ನಾನು, ಕೇಳು.”

ನಾನೂ ಸರಳಿಗೇ ಹೇಳಿದೆ: “ಇದು ನಮ್ಮಿಬ್ಬರನ್ನೂ ಆಸ್ಪರಿಯಾಗ ಇಳಸೂ ರೈಲು ಅಂತ ಹೇಳಪ್ಪ.”

ಈ ಗಾಡಿಯ ಸರಳಿಗೂ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಅವರು ಅದನ್ನು ಬಿಡಿಸಿ, ಬೆರಳಲ್ಲಿ ಹೊಸೆಯುತ್ತ ಕುಳಿತರು. ಇಳಿಯುವ ಹೊತ್ತಿಗೆ ಅದು ಒಂದು ಬತ್ತಿಯಾಗಿತ್ತು. ಸಂಜೆ ಈರಮ್ಮನ ದೀಪಕ್ಕೆ ಅದನ್ನೇ ಹಾಕಿದರು.

ಆಮೇಲೆ ಅಡುಗೆಮನೆಯಿಂದ ದನಿ ಬಂತು. “ರೊಟ್ಟಿ ಆರತೈತಿ, ಬರ್ರಿ.” ನಾನು ಅಭ್ಯಾಸಬಲದಿಂದ ಕಂಬದ ಕಡೆ ನೋಡಿದೆ.

ಪಾಪ, ಅದಕ್ಕೂ ಕೆಲಸ ಮುಗಿಯಿತು. ಅದರ ಪಿಂಚಣಿಗೆ ಯಾವ ಸರಕಾರವನ್ನು ಕೇಳಬೇಕು?